ಸಾವನದುರ್ಗ ಮತ್ತು ಒಂದು ಜೊತೆ ಸವೆದ ಶೂ

"ಬರೀ 1226 ಮೀಟರ್ ಅಮ್ಮ. ನಂದಿ ಬೆಟ್ಟಕ್ಕಿಂತ ಗಿಡ್ಡ." ಹಿಂದಿನ ರಾತ್ರಿ ಫೋನ್ ನೋಡುತ್ತಾ ಮಗ ಹೇಳಿದ. ಅವನಿಗೆ ಹದಿನಾರು. ಆ ವಯಸ್ಸಿಗೆ ಎಲ್ಲವೂ 'ಬರೀ'ನೇ.

ಲೆಕ್ಕವೇನೋ ಸರಿ. ಬೆಂಗಳೂರೇ ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಹಾಗಾಗಿ ಸಾವನದುರ್ಗ ನಮ್ಮ ಮನೆಯ ತಾರಸಿಗಿಂತ ಇನ್ನೊಂದು ಮುನ್ನೂರು ಮೀಟರ್ ಎತ್ತರ, ಅಷ್ಟೇ. ಆದರೆ ನಂದಿಗೆ ಮೇಲಿನವರೆಗೂ ಕಾರು ಹೋಗುತ್ತದೆ. ಇಲ್ಲಿ ಮೆಟ್ಟಿಲೂ ಇಲ್ಲ, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಇಡೀ ಬೆಟ್ಟ ಒಂದೇ ಬಂಡೆ. ಕವುಚಿ ಹಾಕಿದ ಬಾಣಲೆಯ ಮೇಲೆ ಇರುವೆ ಹತ್ತಿದ ಹಾಗೆ ಹತ್ತಬೇಕು.

ಹೋದದ್ದು ನಾಲ್ಕು ಜನ. ನಾನು, ಮಗ, ಹದಿಮೂರರ ಮಗಳು, ಜೊತೆಗೆ ನನ್ನ ತಮ್ಮ. ಮಕ್ಕಳಿಗೆ ಮಾವ ಇದ್ದರೆ ಹುರುಪು ಜಾಸ್ತಿ. ನನಗೂ ಇನ್ನೊಂದು ಜೊತೆ ಗಟ್ಟಿ ಕಾಲು ಇದೆ ಅನ್ನುವ ಧೈರ್ಯ. ಡಿಸೆಂಬರ್ ಭಾನುವಾರ, ಬೆಳಗ್ಗೆ ಐದಕ್ಕೆ ಮಾಗಡಿ ರೋಡ್ ಹಿಡಿದೆವು. ತಾವರೆಕೆರೆ ದಾಟುವ ಹೊತ್ತಿಗೆ ಮಂಜು ಎಷ್ಟಿತ್ತು ಅಂದರೆ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮಾಗಡಿಯಲ್ಲಿ ಇಡ್ಲಿ ವಡೆ. ಅಲ್ಲಿಂದ ಬೆಟ್ಟದ ಬುಡಕ್ಕೆ ಹತ್ತು ಹನ್ನೆರಡು ಕಿಲೋಮೀಟರ್.

ವೀರಭದ್ರಸ್ವಾಮಿ ಗುಡಿಯ ಮುಂದೆ ನಿಂತು ತಲೆ ಎತ್ತಿದಾಗ ಮಗಳು "ಅಯ್ಯೋ" ಅಂದಳು. ಮಗ ಏನೂ ಅನ್ನಲಿಲ್ಲ. ಸಾವನದುರ್ಗ ಅಂದರೆ ಎರಡು ಬೆಟ್ಟ, ಕರಿಗುಡ್ಡ ಮತ್ತು ಬಿಳಿಗುಡ್ಡ. ಸಾಮಾನ್ಯವಾಗಿ ಜನ ಹತ್ತುವುದು ಕರಿಗುಡ್ಡ. ನಾವೂ ಅದನ್ನೇ.

ಶುರುವಿನಲ್ಲಿ ಕುರುಚಲು ಗಿಡ, ಸಣ್ಣಪುಟ್ಟ ಬಂಡೆ. ಹದಿನೈದು ನಿಮಿಷದ ನಂತರ ಗಿಡ ಮುಗಿದು ಬೋಳು ಬಂಡೆ. ಮೇಲೆ ಬಳಿದಿರುವ ಬಾಣದ ಗುರುತೇ ದಾರಿ. ಅದನ್ನು ಬಿಟ್ಟು ಅಡ್ಡದಾರಿ ಹಿಡಿದರೆ ಇಳಿಜಾರು ಕಡಿದಾಗುತ್ತಾ ಹೋಗಿ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತೀರಿ. ತಮ್ಮ ಎರಡೇ ಮಾತು ಹೇಳಿಕೊಟ್ಟ. ಪಾದ ಪೂರ್ತಿ ಊರಬೇಕು, ತುದಿಗಾಲಲ್ಲಿ ಹತ್ತಬಾರದು. ನೀರು ಹರಿದು ಪಾಚಿಗಟ್ಟಿದ ಕಪ್ಪು ಗೆರೆಗಳಿವೆಯಲ್ಲ, ಅದರ ಮೇಲೆ ಕಾಲಿಡಬಾರದು, ಮಂಜು ಬಿದ್ದ ಬೆಳಗ್ಗೆಯಂತೂ ಇಡಲೇಬಾರದು.

ಮಗ ಕೇಳಿಸಿಕೊಂಡನೋ ಇಲ್ಲವೋ, ಆಗಲೇ ಇಪ್ಪತ್ತು ಅಡಿ ಮುಂದಿದ್ದ.

ಈ ಬೆಟ್ಟದ ಆಟ ಇನ್ನೊಂದಿದೆ. ಬಂಡೆ ಗುಮ್ಮಟದ ಹಾಗೆ ಬಾಗಿರುವುದರಿಂದ ಕೆಳಗಿನಿಂದ ತುದಿ ಕಾಣುವುದೇ ಇಲ್ಲ. ಅಗೋ ಬಂತು ಅಂತ ಏದುಸಿರು ಬಿಡುತ್ತಾ ಹೋದರೆ ಅದೊಂದು ಉಬ್ಬು, ಅದರಾಚೆ ಇನ್ನೊಂದು. ಮಗಳು ಎಣಿಸಲು ಶುರು ಮಾಡಿದಳು. "ಸುಳ್ಳು ತುದಿ ಒಂದು. ಸುಳ್ಳು ತುದಿ ಎರಡು." ಅವಳ ಬಿಳಿ ಕ್ಯಾನ್ವಾಸ್ ಶೂ ಜಾರುತ್ತಿತ್ತು. ಒಂದು ಮಾತೂ ಆಡದೆ ಬಿಚ್ಚಿ, ಲೇಸು ಗಂಟು ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡು ಬರಿಗಾಲಲ್ಲಿ ಹತ್ತಿದಳು. ಅಲ್ಲಿಂದ ಮುಂದೆ ಅವಳ ಸಮಕ್ಕೆ ನಡೆಯಲು ನನ್ನಿಂದ ಆಗಲಿಲ್ಲ.

ಮುರಿದ ಕೋಟೆಗೋಡೆಯ ಹತ್ತಿರ ಮೊದಲ ಸಲ ಸರಿಯಾಗಿ ಕೂತೆವು. ಮಾಗಡಿ ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ಕೋಟೆ, ಆಮೇಲೆ ಮೈಸೂರಿನವರಿಗೆ ಸೇರಿತು. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್, ಡಿಸೆಂಬರ್‌ನಲ್ಲಿ ಟಿಪ್ಪುವಿನ ಕಡೆಯವರಿಂದ ಇದನ್ನೂ ಕಿತ್ತುಕೊಂಡ. "ಇಷ್ಟು ದೂರ ಫಿರಂಗಿ ಹೇಗೆ ತಂದರು ಮಾವ?" ಅಂತ ಮಗಳ ಪ್ರಶ್ನೆ. ಆಗ ಇದರ ಸುತ್ತ ಬಿದಿರು ಮೆಳೆ ತುಂಬಿದ ದಟ್ಟ ಕಾಡು ಬೇರೆ. ತಮ್ಮ ಉತ್ತರ ಕೊಡುವ ಬದಲು ಬಂಡೆ ತಟ್ಟಿ, "ಇದಕ್ಕೆ ಸುಮಾರು 250 ಕೋಟಿ ವರ್ಷ ಕಣೇ" ಅಂದ. ಈ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಹೆಸರು. ಕ್ಲೋಸ್‌ಪೇಟೆ ಅಂದರೆ ನಮ್ಮ ರಾಮನಗರದ ಹಳೆಯ ಹೆಸರು.

ಮಗ ಬಿದ್ದದ್ದು ಅಲ್ಲಿಂದ ಸ್ವಲ್ಪ ಮೇಲೆ. ಸರ್ರ್ ಅಂತ ಸದ್ದು, ತಿರುಗಿ ನೋಡಿದರೆ ಹೊಟ್ಟೆಯಡಿಯಾಗಿ ಆರೇಳು ಅಡಿ ಜಾರಿ, ಒಂದು ಸೀಳಿನಲ್ಲಿ ಬೆರಳು ಸಿಕ್ಕಿಸಿ ನಿಂತಿದ್ದಾನೆ. ಅಷ್ಟೇ ಆದದ್ದು. ಅಂಗೈ ತರಚಿತ್ತು, ರಕ್ತ ಹನಿ ಹನಿ. ನನ್ನ ಎದೆ ಬಾಯಿಗೆ ಬಂದಿತ್ತು. ಅವನ ಶೂ ತಿರುಗಿಸಿ ನೋಡಿದೆ. ಎರಡು ವರ್ಷ ಫುಟ್‌ಬಾಲ್ ಆಡಿ ಆಡಿ ಅಡಿಭಾಗ ಸ್ಲೇಟಿನ ಹಾಗೆ ನುಣುಪಾಗಿತ್ತು. ನೀರಿನ ಬಾಟಲಿ, ಗ್ಲೂಕೋಸ್, ಬ್ಯಾಂಡೇಜು, ಚಿತ್ರಾನ್ನ, ಎಲ್ಲ ಎರಡೆರಡು ಸಲ ನೋಡಿದ ನಾನು ಮಗನ ಶೂವಿನ ಅಡಿ ನೋಡಿರಲಿಲ್ಲ. ದೊಡ್ಡವನಾದ, ಅವನೇ ನೋಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ.

ವಾಪಸ್ ಹೋಗೋಣ ಅಂದೆ. ಬೇಡ ಅಂದ. ತಮ್ಮ ನನ್ನ ಮುಖ ನೋಡಿದ, ನಾನು ತಮ್ಮನ ಮುಖ ನೋಡಿದೆ. ಚಿಕ್ಕ ಮಕ್ಕಳಾದರೆ ಎತ್ತಿಕೊಂಡು ಇಳಿಯಬಹುದು. ನನಗಿಂತ ಉದ್ದ ಬೆಳೆದವನಿಗೆ ಏನು ಹೇಳುವುದು? ಕೊನೆಗೆ ತಮ್ಮನೇ ಒಂದು ಒಪ್ಪಂದ ಮಾಡಿದ. ಶೂ ಬಿಚ್ಚು, ನಿನ್ನ ತಂಗಿ ಮುಂದೆ, ನೀನು ಅವಳ ಹಿಂದೆ, ಅವಳು ಕಾಲಿಟ್ಟಲ್ಲೇ ನೀನೂ ಇಡಬೇಕು. ಮೂಗು ಕೆಂಪಗೆ ಮಾಡಿಕೊಂಡು ಒಪ್ಪಿದ.

ಮಗಳ ಲೆಕ್ಕದ ಪ್ರಕಾರ ಐದು ಸುಳ್ಳು ತುದಿ, ಆಮೇಲೆ ನಿಜವಾದದ್ದು. ಕಲ್ಲು ಕಂಬದ ಪುಟ್ಟ ಮಂಟಪ, ಒಳಗೆ ನಂದಿ. ಗಾಳಿ ಎಷ್ಟು ಜೋರಿತ್ತು ಅಂದರೆ ಚಿತ್ರಾನ್ನದ ಕಡಲೆಬೀಜ ಡಬ್ಬಿಯಿಂದ ಹಾರಿ ಹೋಗುತ್ತಿತ್ತು. ಒಂದು ಕಡೆ ಮಂಚನಬೆಲೆ ಜಲಾಶಯದ ನೀರು ಬೆಳ್ಳಗೆ ಹೊಳೆಯುತ್ತಿತ್ತು. ಅರ್ಕಾವತಿಯ ನೀರು ಅದು.

ಇಳಿಯುವುದೇ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ, ನಂಬಿ. ಹತ್ತುವಾಗ ಕಣ್ಣ ಮುಂದೆ ಬಂಡೆ ಮಾತ್ರ ಇರುತ್ತದೆ, ಇಳಿಯುವಾಗ ಮಾಗಡಿ ತಾಲೂಕೇ ಇರುತ್ತದೆ. ಹನ್ನೊಂದರ ಬಿಸಿಲಿಗೆ ಬಂಡೆ ಕಾದು ಬರಿಗಾಲು ಇಡುವ ಹಾಗಿರಲಿಲ್ಲ. ಮಗಳು ಹತ್ತಿಯ ಕಾಲುಚೀಲ ಹಾಕಿಕೊಂಡಳು, ಅಣ್ಣನಿಗೂ ಹಾಕಿಸಿದಳು. ಬಿಸಿ ತಟ್ಟಲಿಲ್ಲ, ಹಿಡಿತವೂ ಸಿಕ್ಕಿತು. "ಅಣ್ಣಾ, ಕಪ್ಪು ಗೆರೆ ಬೇಡ. ಅಡ್ಡ ಅಡ್ಡ ಬಾ, ನೇರ ಇಳೀಬೇಡ." ಕಡಿದಾದ ಕಡೆಯೆಲ್ಲ ಅವನು ಕೂತೇ ಜಾರಿಕೊಂಡು ಬಂದ. ನಾನೂ ಅಷ್ಟೇ, ಮಂಡಿ ಗಡಗಡ ನಡುಗುತ್ತಿತ್ತು.

ಬುಡದಲ್ಲಿ ಉಪ್ಪು ಖಾರ ಹಾಕಿದ ಸೌತೆಕಾಯಿ, ಮಜ್ಜಿಗೆ. ಮೂವರೂ ಕಟ್ಟೆಯ ಮೇಲೆ ಕುಸಿದು ಕೂತೆವು. ಮಗ ಮಾತ್ರ ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದ.

"ಕೂತ್ಕೋ ಬಾರೋ."

"ಬೇಡ. ಮಾವ, ನಿಮ್ಮ ಜಾಕೆಟ್ ಕೊಡಿ."

"ಚಳೀನಾ? ಈ ಬಿಸಿಲಲ್ಲಾ?"

"ಸೊಂಟಕ್ಕೆ ಕಟ್ಕೊಳ್ಳೋಕೆ. ಪ್ಯಾಂಟ್ ಹರಿದಿದೆ."