ಕತ್ತರಿಸದೆ ಕಾಣುವ ಕಾರ್ನಿಯಾ

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದನ್ನು ಕತ್ತರಿಸದೆ, ಜೀವಂತ ಕಣ್ಣಿನಲ್ಲೇ ಜೀವಕೋಶಗಳನ್ನು ನೋಡಬಹುದೆಂಬುದು ನನಗೆ ಇಂದಿಗೂ ದೊಡ್ಡ ಬೆರಗು. ಮರಗಟ್ಟಿಸುವ ಹನಿ ಹಾಕಿ, ಜೆಲ್ ಹಚ್ಚಿದ ಪುಟ್ಟ ಟೋಪಿಯಂಥ ತುದಿಯನ್ನು ಕಣ್ಣಿಗೆ ಮೆಲ್ಲನೆ ತಾಗಿಸುತ್ತಾರೆ. ಕಾನ್‌ಫೋಕಲ್ ಸೂಕ್ಷ್ಮದರ್ಶಕ ಒಂದೇ ಆಳದ ಬೆಳಕನ್ನು ಆರಿಸಿಕೊಂಡು ಉಳಿದದ್ದನ್ನು ಸೂಜಿರಂಧ್ರದಲ್ಲಿ ತಡೆಯುತ್ತದೆ. ತೆರೆಯ ಮೇಲೆ ಕಾಣುವುದು ಕಾರ್ನಿಯಾದ 0.4 ಮಿಲಿಮೀಟರ್ ಅಗಲದ ಕಪ್ಪು ಬಿಳುಪು ಚೌಕ. ಅದರಲ್ಲಿ ನರದ ಎಳೆಗಳು ಬೆಳ್ಳಗೆ, ಉದ್ದಕ್ಕೆ. ಅಂಗಾಂಶದ ತುಂಡು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲಿ ಅವು ಹೀಗೆ ಸಿಗುವುದು ಅಪರೂಪ, ಅಲ್ಲಿ ಅಂಗಾಂಶವನ್ನು ಸಾಮಾನ್ಯವಾಗಿ ಅಡ್ಡಕ್ಕೆ ಸೀಳುತ್ತಾರೆ.

ನಮ್ಮ ಉಡುಪಿ ಕಡೆ ಇದು ಬರಿಯ ಪುಸ್ತಕದ ವಿಷಯವಲ್ಲ. ಏಣೆಲು, ಅಂದರೆ ಮಳೆಗಾಲದ ಬೆಳೆಯ ಕೊಯ್ಲಿನಲ್ಲಿ ಭತ್ತದ ತೆನೆ, ತೋಟದಲ್ಲಿ ತೆಂಗಿನ ಗರಿ ತಾಗಿ ಕಣ್ಣಿಗೆ ಶಿಲೀಂಧ್ರ ಹತ್ತುವುದುಂಟು. ದೊಡ್ಡಪ್ಪನಿಗೂ ಹಾಗೆಯೇ ಆಗಿತ್ತು. ಕೆರೆದು ತೆಗೆದ ಮಾದರಿಯಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ವರದಿಗೆ ದಿನಗಟ್ಟಲೆ ಕಾಯಬೇಕು. ಈ ಯಂತ್ರದಲ್ಲಿ ಶಿಲೀಂಧ್ರದ ಕವಲೊಡೆದ ಎಳೆಗಳು ಆಗಲೇ ಕಾಣಿಸಬಹುದು, ಎಷ್ಟು ಆಳಕ್ಕೆ ಇಳಿದಿವೆ ಎಂಬುದೂ ಸೇರಿ. ಬ್ಯಾಕ್ಟೀರಿಯಾ ಮಾತ್ರ ಇದಕ್ಕೆ ನಿಲುಕದಷ್ಟು ಸಣ್ಣದು.

ಹಾಗೆಂದು ಬಯಾಪ್ಸಿಯೇ ಬೇಡ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಣ್ಣಿನ ಮೇಲೆ ಎದ್ದ ಗಂಟು ಕ್ಯಾನ್ಸರೇ, ಅದು ಮೇಲ್ಪದರದ ಕೆಳಗಿನ ತಳಪೊರೆಯನ್ನು ದಾಟಿದೆಯೇ ಎಂಬುದನ್ನು ಬಣ್ಣ ಹಾಕಿದ ಅಂಗಾಂಶವೇ ಖಚಿತಪಡಿಸಬೇಕು. ಆದರೆ ತುಂಡು ತೆಗೆದ ಜಾಗ ಮೊದಲಿನಂತಿರುವುದಿಲ್ಲ. ಈ ಯಂತ್ರದ ಚಿತ್ರವನ್ನು ಚಿಕಿತ್ಸೆಯ ನಡುವೆ ಮತ್ತೆ ಮತ್ತೆ ತೆಗೆಯಬಹುದು. ಹುಣ್ಣು ಮಾಗುತ್ತಿದೆಯೇ ಎಂದು ತಿಳಿಯಲು ಪ್ರತಿ ಸಲವೂ ಕಣ್ಣು ಕೆರೆಸಿಕೊಳ್ಳಬೇಕಿಲ್ಲ. ಗದ್ದೆ ತೋಟಗಳಿರುವ ಪ್ರತಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗೂ ಇದು ಬರಬೇಕು.