ತ್ಸೋಯ್ ಕ್ಯಾಸೆಟ್: ಕಡೀಗೂ ಸ್ಪೀಡ್ ಸಿಕ್ತು

ಹಳೇ ಕ್ಯಾಸೆಟ್ ಒಂದನ್ನ ಸರಿಯಾದ ಸ್ಪೀಡಿಗೆ ತರಾಕ ಹತ್ತಿ ಮೂರು ವಾರ ಆತ್ರಿ, ನಿನ್ನೆ ರಾತ್ರಿ ಹನ್ನೊಂದೂವರಿಗೆ ಸೋವಿಯತ್ ರಾಕ್ ಹಾಡುಗಾರ ವಿಕ್ಟರ್ ತ್ಸೋಯ್ ತನ್ನ ಖರೇ ಧ್ವನಿಯೊಳಗ ನಮ್ಮ ಸಾಧನಕೇರಿ ಮನ್ಯಾಗ ಹಾಡಿದ. ಹೆಡ್ ಕ್ಲೀನು, ಅಜಿಮತ್ (ಹೆಡ್ಡಿನ ಓರೆ ಸರಿ ಮಾಡೋದು) ಎಲ್ಲಾ ನಿಮಗ ಗೊತ್ತಿದ್ದದ್ದ, ಬರ್ಯಾಂಗಿಲ್ಲ. ಕ್ಯಾಸೆಟ್ ಡೆಕ್ಕಿನ ಬೆಲ್ಟಿಂದಷ್ಟ ಹೇಳ್ತೀನಿ: ಆನ್‌ಲೈನ್ ಅಂಗಡ್ಯಾವ ಚಪ್ಪಟ್ ಬೆಲ್ಟ್ ಅಂತ ಎರಡು ಸಲ ಚೌಕ ಬೆಲ್ಟ್ ಕಳ್ಸಿದ, ರೊಕ್ಕಾನೂ ವಾಪಸ್ ಇಲ್ಲ. ಕಡೀಗೆ ಹುಬ್ಬಳ್ಳಿ ದುರ್ಗದಬೈಲ್ ಹತ್ರ ಒಬ್ರು ರೇಡಿಯೋ ರಿಪೇರಿ ಅಜ್ಜಾರು ಡಬ್ಬಿ ತಡಕಾಡಿ ಸರಿಯಾದ್ದು ಕೊಟ್ರು.

ಕ್ಯಾಸೆಟ್ ನಮ್ಮ ಕಾಕಾಂದು. 1988ರಾಗ ಲೆನಿನ್‌ಗ್ರಾಡ್‌ದಾಗ ಓದ್ತಿದ್ರು, ಅಲ್ಲಿಂದ ತಂದ ಎಂಕೆ-60 ಅನ್ನೋ ಸೋವಿಯತ್ ಕ್ಯಾಸೆಟ್, ಒಳಗ ತ್ಸೋಯ್‌ನ ಕಿನೋ ಬ್ಯಾಂಡಿನ 1982ರ ಮೊದಲ ಆಲ್ಬಂ. ಹೆಸರು '45', ಯಾಕಂದ್ರ ಉದ್ದ ಸುಮಾರು 45 ನಿಮಿಷ. ಆಗ ರೆಕಾರ್ಡ್ ಹೊರಗ ತರಾಕ ಸರ್ಕಾರಿ ಕಂಪನಿ ಮೆಲೋದಿಯಾ ಬಿಟ್ರ ಬ್ಯಾರೆ ದಾರಿ ಇಲ್ಲ, ಆಂದ್ರೇಯ್ ತ್ರೊಪಿಲ್ಲೋ ಅನ್ನಾಂವ ಪಯೊನಿಯರ್ ಮನಿ ಅನ್ನೋ ಮಕ್ಕಳ ಕ್ಲಬ್ಬಿನಾಗ ಸ್ಟುಡಿಯೋ ಮಾಡ್ಕೊಂಡು ರೆಕಾರ್ಡ್ ಮಾಡಿದ, ಆಮ್ಯಾಲ ಒಬ್ರ ಟೇಪಿಂದ ಇನ್ನೊಬ್ರ ಟೇಪಿಗೆ ಹಿಂಗ ದೇಶಾ ತುಂಬಿತು. ತ್ಸೋಯ್‌ಗ ಆಗ ಇಪ್ಪತ್ತು ವರ್ಷ. ಮುಂದ ಹೆಸರು ಬಂದ ಮ್ಯಾಲೂ 'ಕಮ್ಚಾತ್ಕಾ' ಅನ್ನೋ ಬಾಯ್ಲರ್ ಮನ್ಯಾಗ ಕಲ್ಲಿದ್ದಲು ಹಾಕೋ ಕೆಲಸ. 1990 ಆಗಸ್ಟ್ 15ಕ್ಕ ಲಾಟ್ವಿಯಾದಾಗ ಕಾರು ಬಸ್ಸಿಗೆ ಬಡದು ಹೋದ, 28 ವರ್ಷ. ಪ್ರತಿ ವರ್ಷ ಝಂಡಾ ಏರ್ಸಿ ಬಂದು ಕಾಕಾ ಈ ಕ್ಯಾಸೆಟ್ ಹಾಕ್ತಿದ್ರು.

ಸಮಸ್ಯಾ ಏನಂದ್ರ ಸ್ಪೀಡ್ ನೋಡೋ 3150 ಹರ್ಟ್ಸ್ ಟೆಸ್ಟ್ ಟೇಪಿಗೆ ಡೆಕ್ ಕರೆಕ್ಟ್, ತ್ಸೋಯ್ ಹಾಕಿದ್ರ ಮಂದ. ಅವ್ವ "ಪಾಪ, ಆ ಹುಡುಗ್ಗ ಜ್ವರ ಬಂದಾವೇನೋ" ಅಂದ್ಲು. ಕಿವಿಯಿಂದ ಹೊಂದಿಸಿದ್ರ ದಿನಕ್ಕೊಂದು ಕಡೆ ಸರಿ ಅನ್ನಸ್ತಿತ್ತು. ಅಷ್ಟೂ ದಿನ ನಾ ಮೊದ್ಲ 50 ಹರ್ಟ್ಸಿನ ಕರೆಂಟ್ ಹಮ್ (ಕರೆಂಟಿನಿಂದ ಬರೋ ಗುಂಯ್ ಸದ್ದು) ಫಿಲ್ಟರ್ ಹಾಕಿ ತಗದ್ಬಿಡ್ತಿದ್ದೆ, ಉತ್ತರ ಅದರಾಗ ಇತ್ರಿ! ನಿನ್ನೆ ಫಿಲ್ಟರ್ ಹಾಕದ ಆಡಾಸಿಟಿ ಅನ್ನೋ ಸೌಂಡ್ ಸಾಫ್ಟ್‌ವೇರಿನಾಗ ಸಣ್ಣ ಅಂತರಾನೂ ಕಾಣ್ಲಿ ಅಂತ ಸ್ಪೆಕ್ಟ್ರಮ್ ಸೈಜ್ 131072ಕ್ಕ ಏರ್ಸಿದೆ, ಮೊದ್ಲ ಒಂದ ಗುಡ್ಡ ಕಾಣ್ತಿದ್ದಲ್ಲಿ ಎರಡು ಚೂಪು ತುದಿ, 50ಕ್ಕ ಒಂದು, 48ಕ್ಕ ಒಂದು. ಡೆಕ್ಕಿನ ಮೋಟರ್ ಸ್ಪೀಡ್ ಸ್ಕ್ರೂ ತಿರುವಿದೆ. 50 ಅಲ್ಲಾಡಲಿಲ್ಲ, ಅದು ನಮ್ಮನಿ ಕರೆಂಟು. 48 ಸರೀತು, ಅದು ಟೇಪಿನೊಳಗಿಂದು, ಲೆನಿನ್‌ಗ್ರಾಡಿನ ಕರೆಂಟು, ಅಲ್ಲೂ 50 ಹರ್ಟ್ಸ! ಅಂದ್ರ ಕಾಪಿ ಮಾಡಿದ ಮಶೀನು 4 ಪರ್ಸೆಂಟ್ ಜೋರ ಓಡಿತ್ತು, ಅದಕ್ಕ ಸರಿ ಸ್ಪೀಡಿನ ಡೆಕ್ಕಿನಾಗ ಎಲ್ಲಾ ಮಂದ. 48ನ್ನ 50ಕ್ಕ ತಂದ ಕೂಡ್ಲೆ ಡ್ರಮ್ ಮಶೀನು ನೆಟ್ಟಗ ಬಡೀತು, ಮೈ ಜುಂ ಅಂತು.

ಸ್ಟ್ರೀಮಿಂಗ್ ಕಾಪಿಗೆ ಹೋಲ್ಸಿದ್ರ ಮುಗೀತಿತ್ತಲ್ಲ ಅಂತೀರಿ. ಕಡೀಗೆ ಹೋಲ್ಸಿದೆ, ಕೂಡ್ತು. ಆದ್ರ ಟೇಪ್ ತಾನ ಬಾಯಿ ಬಿಟ್ಟು ಹೇಳೋದು ನನಗ ಬೇಕಿತ್ತು, ಯಾಕಂದ್ರ ಮುಂದಿನ ಕೆಲಸ ನಮ್ಮ ಅಜ್ಜ ಧಾರವಾಡ ಆಕಾಶವಾಣಿಯಿಂದ ಟೇಪ್ ಮಾಡಿಟ್ಟ ಮಲ್ಲಿಕಾರ್ಜುನ ಮನ್ಸೂರರ ಐದು ಕ್ಯಾಸೆಟ್. ಅವಕ್ಕ ಹೋಲ್ಸಾಕ ಬ್ಯಾರೆ ಕಾಪಿ ಇಲ್ಲ, ಶ್ರುತಿ (ಹಾರ್ಮೋನಿಯಂ ಮನಿ ಲೆಕ್ಕದಾಗ) ಕಪ್ಪು ಒಂದೋ ಬಿಳಿ ಎರಡೋ ಅಂತ ಊಹಿಸಾಕ ಮನಸ್ಸಿಲ್ಲ, ಹಮ್ ಒಂದ ಸಾಕ್ಷಿ. ಅಜ್ಜ ಬ್ಯಾಟರಿ ಮ್ಯಾಲ ರೆಕಾರ್ಡ್ ಮಾಡಿರಬಾರದಪ್ಪಾ, ಮಾಡಿದ್ರ ಹಮ್ ಸಿಗೂದು ಕಷ್ಟ.

ತ್ಸೋಯ್ ಕ್ಯಾಸೆಟ್ಟಿನ ಬಿ ಸೈಡ್ ತಿರುವಿದೆ, ಹಮ್ 50 ಅಲ್ಲ, 49.3! ಗಾಬರಿ ಆಗಿ ಮುಂಜಾನೆ ಕಾಕಾಗ ಫೋನ್ ಹಚ್ಚಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹೌದಲೇ, ಆ ಸೈಡ್ ಮರುದಿನ ಬ್ಯಾರೆ ರೂಮಿನಾಗ ಕಾಪಿ ಮಾಡಿದ್ವಿ" ಅಂದ್ರು, ಆಮ್ಯಾಲ ಆ ರೂಮಿನ ಹುಡುಗ್ರ ಹೆಸರು ಒಂದೊಂದ ನೆನಸ್ಕೋತ ಹೋದ್ರು.