ನೋವಾ ಎಂಬ ಹೆಸರು, ಅವಳು ಕೇಳಿದ ಪಾಲು

ಇಸ್ರೇಲಿನ ರೆಹೋವೋತ್ ಊರಿಗೆ ನಾವು ಬಂದ ಮೊದಲ ವರ್ಷ, ಮಗಳ ಶಿಶುವಿಹಾರದ ಗೆಳತಿಯರ ಹೆಸರುಗಳನ್ನು ಫೋನಿನಲ್ಲಿ ಅಮ್ಮನಿಗೆ ಒಂದೊಂದಾಗಿ ಹೇಳುತ್ತಿದ್ದೆ. ‘ನೋವಾ’ ಎಂದೊಡನೆ ಅಮ್ಮ ಗಾಬರಿಯಾಗಿ, ‘ಎಲ್ಲಿ ನೋವು? ಮಗುವಿಗೆ ಏನಾಯಿತೇ?’ ಎಂದು ಕೇಳಿದರು. ಕನ್ನಡದ ಕಿವಿಗೆ ಹಾಗೆ ಕೇಳಿಸುವ ಈ ಹೆಸರು ಇಲ್ಲಿನ ಹೆಣ್ಣುಮಕ್ಕಳ ಹೆಸರುಗಳಲ್ಲಿ ಹಲವು ವರ್ಷ ಮೊದಲ ಸ್ಥಾನದಲ್ಲಿತ್ತು. ನನ್ನ ಮಗಳ ತರಗತಿಯಲ್ಲೇ ಮೂವರು ನೋವಾಗಳಿದ್ದರು. ಅದರ ಅರ್ಥವೇನೆಂದು ಅಮ್ಮ ಕೇಳಿದಾಗ ನಾನು ಹೇಳಿದ ಉತ್ತರ ತಪ್ಪಾಗಿತ್ತು. ಪ್ರಳಯಕಾಲದಲ್ಲಿ ನಾವೆ ಕಟ್ಟಿದ ನೋಹನ ಹೆಸರೇ ಹೆಣ್ಣಿಗೂ ಬಂದಿದೆಯೆಂದು ನಾನು ತಿಳಿದಿದ್ದೆ.

ಆ ತಪ್ಪನ್ನು ತಿದ್ದಿದವರು ನಮ್ಮ ಪಕ್ಕದ ಮನೆಯ ಸವ್ತಾ. ಸವ್ತಾ ಎಂದರೆ ಅಜ್ಜಿ. ಯೆಮೆನಿನಿಂದ ಬಂದ ಯೆಹೂದಿ ಮನೆತನದ ಅವರ ನಾಲಿಗೆಯಲ್ಲಿ ಹೀಬ್ರೂವಿನ ಹಳೆಯ ಉಚ್ಚಾರಣೆ ಇನ್ನೂ ಉಳಿದಿದೆ. ನನ್ನ ಬೆರಳುಗಳನ್ನು ತಮ್ಮ ಗಂಟಲಿನ ಮೇಲೆ ಇರಿಸಿಕೊಂಡು ಅವರು ಎರಡೂ ಹೆಸರುಗಳನ್ನು ನಿಧಾನವಾಗಿ ಹೇಳಿದರು. ನೋಹನ ಹೆಸರಿನ ಕೊನೆಯ ‘ಹೆತ್’ ಅಕ್ಷರದಲ್ಲಿ ಬರಿಯ ಉಸಿರು ಉಜ್ಜಿಕೊಂಡು ಹೋಯಿತು. ನೋವಾ ಎಂಬುದರ ನಡುವಿನ ‘ಆಯಿನ್’ ಅಕ್ಷರಕ್ಕೆ ಗಂಟಲು ಒಳಗಿನಿಂದ ಬಿಗಿದು ಅದುರಿತು. ಇಂದಿನ ಪೇಟೆಯ ಮಾತಿನಲ್ಲಿ ಆ ಆಯಿನ್ ಬಹುಮಟ್ಟಿಗೆ ಸವೆದುಹೋಗಿದೆಯಾದರೂ ಅರ್ಥವೆಲ್ಲ ಅದರಲ್ಲೇ ಇದೆ. ನೋಹನ ಹೆಸರಿಗೆ ವಿಶ್ರಾಂತಿಯ ನಂಟು. ನೋವಾ ಎಂದರೆ ಚಲನೆ. ಗಾಳಿಗೆ ಕಾಡಿನ ಮರಗಳು ಅಲುಗಾಡಿದವು ಎನ್ನಲು ಪ್ರವಾದಿ ಯೆಶಾಯನ ಗ್ರಂಥದಲ್ಲಿ ಬರುವುದೂ, ನೆಲೆಯಿಲ್ಲದೆ ಅಲೆಯಬೇಕೆಂದು ಕಾಯಿನನಿಗೆ ಸಿಕ್ಕ ಶಾಪದಲ್ಲಿ ಬರುವುದೂ ಇದೇ ಧಾತು. ಇಂದು ರಸ್ತೆಯ ವಾಹನಸಂಚಾರಕ್ಕೆ ಹೇಳುವ ‘ತ್ನುವಾ’ ಎಂಬ ಮಾತೂ ಅದರಿಂದಲೇ ಹುಟ್ಟಿದೆ.

ಬೈಬಲಿನ ನೋವಾಳ ಕಥೆ ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿದೆ. ಮನಸ್ಸೆ ಕುಲದ ಚೆಲೋಫಹಾದ ಎಂಬವನಿಗೆ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐವರು ಹೆಣ್ಣುಮಕ್ಕಳು, ಗಂಡುಸಂತಾನವಿರಲಿಲ್ಲ. ಈಜಿಪ್ಟಿನಿಂದ ಹೊರಟ ಇಸ್ರೇಲರ ಮರುಭೂಮಿಯ ಅಲೆದಾಟದಲ್ಲೇ ತಂದೆ ತೀರಿಹೋದ. ಮುಂದೆ ಕಾನಾನ್ ದೇಶದ ಭೂಮಿಯನ್ನು ಕುಲಗಳಿಗೆ ಹಂಚುವ ಮಾತು ಬಂದಾಗ ಈ ಐವರು ದೇವದರ್ಶನದ ಗುಡಾರದ ಬಾಗಿಲಿಗೆ ಬಂದು, ಜನರ ನಾಯಕ ಮೋಶೆಯ ಮುಂದೆ, ಮಹಾಯಾಜಕನ ಮುಂದೆ, ನೆರೆದ ಇಡೀ ಸಭೆಯ ಮುಂದೆ ನಿಂತು, ಗಂಡುಮಗನಿಲ್ಲವೆಂಬ ಮಾತ್ರಕ್ಕೆ ನಮ್ಮ ತಂದೆಯ ಹೆಸರು ಕುಲದಿಂದ ಏಕೆ ಅಳಿಯಬೇಕು, ತಂದೆಯ ಅಣ್ಣತಮ್ಮಂದಿರ ನಡುವೆ ನಮಗೂ ಭೂಮಿ ಕೊಡಿ ಎಂದು ಕೇಳಿದರು. ಮೋಶೆ ತಾನೇ ತೀರ್ಪು ಹೇಳದೆ ಅವರ ವ್ಯಾಜ್ಯವನ್ನು ದೇವರ ಮುಂದಿಟ್ಟ. ದೇವರ ಉತ್ತರದ ಮೊದಲ ಪದ ‘ಕೇನ್’. ಆ ವಾಕ್ಯದಲ್ಲಿ ಅದಕ್ಕೆ ‘ಸರಿಯಾಗಿ’ ಎಂದರ್ಥ: ಚೆಲೋಫಹಾದನ ಹೆಣ್ಣುಮಕ್ಕಳು ನ್ಯಾಯವಾಗಿಯೇ ಮಾತನಾಡಿದ್ದಾರೆ. ಇಂದಿನ ಹೀಬ್ರೂವಿನಲ್ಲಿ ‘ಹೌದು’ ಎನ್ನುವುದಕ್ಕೂ ಅದೇ ಪದವಾದ್ದರಿಂದ, ಅಂಗಡಿಯಲ್ಲೂ ಬಸ್ಸಿನಲ್ಲೂ ಅದನ್ನು ಕೇಳಿದಾಗಲೆಲ್ಲ ನನಗೆ ಆ ಐವರು ನೆನಪಾಗುತ್ತಾರೆ.

ಸವ್ತಾ ತಮ್ಮ ಗ್ರಂಥದಲ್ಲಿ ಆ ಪುಟವನ್ನು ತೆರೆದು ಒಂದು ಪದದ ಮೇಲೆ ಬೆರಳಿಟ್ಟರು. ‘ಅವರ ವ್ಯಾಜ್ಯ’ ಎಂಬರ್ಥದ ‘ಮಿಷ್ಪಾತಾನ್’ ಎಂಬ ಆ ಪದದ ಕೊನೆಯ ‘ನೂನ್’ ಅಕ್ಷರವನ್ನು ಯೆಹೂದಿಗಳ ಪವಿತ್ರ ಗ್ರಂಥವಾದ ತೋರಾದ ಕೈಬರಹದ ಸುರುಳಿಗಳಲ್ಲಿ ಉಳಿದವುಗಳಿಗಿಂತ ದೊಡ್ಡದಾಗಿ ಬರೆಯುವ ಸಂಪ್ರದಾಯವಿದೆ. ‘ಅವರ’ ಎನ್ನುವಾಗ ಕನ್ನಡದಲ್ಲಿ ಹೆಂಗಸರೋ ಗಂಡಸರೋ ತಿಳಿಯದು. ಹೀಬ್ರೂವಿನಲ್ಲಿ ಇದು ಹೆಂಗಸರದೇ ವ್ಯಾಜ್ಯವೆಂದು ತಿಳಿಸುವುದು ಆ ನೂನ್ ಒಂದೇ. ನೋವಾ ಎಂಬ ಹೆಸರು ಆರಂಭವಾಗುವುದೂ ಅದೇ ಅಕ್ಷರದಿಂದ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅದೇ ಕಾಂಡದ 36ನೆಯ ಅಧ್ಯಾಯದಲ್ಲಿ ಕುಲದ ಹಿರಿಯರು, ಇವರು ಹೊರಗಿನವರನ್ನು ಮದುವೆಯಾದರೆ ನಮ್ಮ ಭೂಮಿ ಕೈಬಿಡುತ್ತದೆಂದು ದೂರುತ್ತಾರೆ. ಸ್ವಂತ ಕುಲದೊಳಗೇ ಮದುವೆಯಾಗಬೇಕೆಂಬ ಕಟ್ಟಳೆ ಬರುತ್ತದೆ. ಹೆಣ್ಣಿನ ಪಾಲಿಗೆ ಮದುವೆಯೇ ತೊಡಕಾಗುವ ಈ ಭಾಗವನ್ನು ಓದುವಾಗ ನನ್ನ ಮನಸ್ಸು ನೇರವಾಗಿ ಊರಿಗೆ ಹೋಯಿತು. 1994ರಲ್ಲಿ ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಆ ಭೇದವನ್ನು ತೆಗೆದದ್ದು 2005ರ ಕೇಂದ್ರದ ತಿದ್ದುಪಡಿ. ಅಮ್ಮ ಹೊರಗೆ ಉಳಿದವರ ಸಾಲಿನವರು. ತವರಿನ ಗದ್ದೆಯ ಪಹಣಿಯಲ್ಲಿ ಅವರ ಹೆಸರು ಎಂದೂ ಬರಲಿಲ್ಲ. ಮುಂದೊಮ್ಮೆ ಫೋನಿನಲ್ಲಿ ನೋವಾಳ ಕಥೆಯನ್ನೆಲ್ಲ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ‘ಕೊನೆಗೆ ಅವಳಿಗೆ ಭೂಮಿ ಸಿಕ್ಕಿತೇ?’ ಎಂದಷ್ಟೇ ಕೇಳಿದರು.

ಸಿಕ್ಕಿತು. ಯೆಹೋಶುವನ ಗ್ರಂಥದ 17ನೆಯ ಅಧ್ಯಾಯದಲ್ಲಿ ಐವರಿಗೂ ಪಾಲು ಕೊಟ್ಟದ್ದು ದಾಖಲಾಗಿದೆ. ಅಮ್ಮನಿಗೆ ಹೇಳಲು ನನ್ನ ಬಳಿ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಸಂಗತಿಯೂ ಇತ್ತು. ಪ್ರಾಚೀನ ಇಸ್ರೇಲ್ ರಾಜ್ಯದ ರಾಜಧಾನಿಯಾಗಿದ್ದ ಸಮಾರ್ಯದಲ್ಲಿ 1910ರಲ್ಲಿ ಉತ್ಖನನ ನಡೆದಾಗ, ಕ್ರಿ.ಪೂ. 8ನೆಯ ಶತಮಾನದ, ಶಾಯಿಯಲ್ಲಿ ಬರೆದ ಮಡಕೆಯ ಚೂರುಗಳು ಸಿಕ್ಕವು. ಯಾವ ಸೀಮೆಯಿಂದ ಹಳೆಯ ದ್ರಾಕ್ಷಾರಸ ಬಂತು, ಎಲ್ಲಿಂದ ಎಣ್ಣೆ ಬಂತು ಎಂದು ಬರೆದಿಟ್ಟ ಲೆಕ್ಕದ ಚೀಟಿಗಳು ಅವು. ಅವುಗಳಲ್ಲಿ ಬರುವ ಎರಡು ಸೀಮೆಗಳ ಹೆಸರು ಹೊಗ್ಲಾ ಮತ್ತು ನೋವಾ. ತಂದೆಯ ಹೆಸರು ಅಳಿಯದಿರಲೆಂದು ಭೂಮಿ ಕೇಳಿದವಳ ಹೆಸರನ್ನೇ ಭೂಮಿ ಹೊತ್ತಿತ್ತು. ಅಮ್ಮನಿಗೆ ಅದನ್ನು ಹೇಳಿದೆ: ಅಂಗೈಯಲ್ಲಿ ಹಿಡಿಯುವಷ್ಟು ಮಡಕೆಚೂರು, ಅದರ ಮೇಲೆ ಕಪ್ಪು ಶಾಯಿ, ನಡುವೆ ಆಯಿನ್ ಇರುವ ಅದೇ ಹೆಸರು, ‘ನೋವಾದಿಂದ’ ಎಂದು.